ಹೆಲ್ಮೆಟ್ ಮೇಲಿನ ಲೋಗೋಗಳನ್ನು ಬಿಡಿಸುತ್ತಾ ಕಲಿತದ್ದು

ಅಮೆರಿಕದ ಆನ್ ಆರ್ಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯ ತಂಡದ ಪಂದ್ಯವಿದ್ದ ಶನಿವಾರ ಊರಿಗೆ ಊರೇ ಹಳದಿ-ನೀಲಿ ತೊಟ್ಟು ಹೊರಡುತ್ತದೆ. ಕಾಲೇಜು ತಂಡಗಳು ಹೆಲ್ಮೆಟ್ ತೊಟ್ಟು ಆಡುವ ಅಮೆರಿಕನ್ ಫುಟ್‌ಬಾಲ್ ಹುಚ್ಚು ನನಗೆ ಹತ್ತಿದ್ದು ಅಲ್ಲೇ. ಆಟದ ನಿಯಮ ತಲೆಗೆ ಹೋಗುವ ಮೊದಲೇ ಆಟಗಾರರ ಹೆಲ್ಮೆಟ್ ಕಣ್ಣಿಗೆ ಬಿತ್ತು. ಹಣೆಯ ಮೇಲೆ ರೆಕ್ಕೆ, ಹಿಂದಕ್ಕೆ ಮೂರು ಪಟ್ಟೆ. ಅದನ್ನು ಕಾಗದದ ಮೇಲೆ ಬಿಡಿಸಿದೆ. ಅಂದಿನಿಂದ ಬೇರೆ ತಂಡಗಳ ಹಳೆಯ ಗುರುತುಗಳನ್ನೂ ಬಿಡಿಸುತ್ತಾ ಬಂದಿದ್ದೇನೆ.

ಮಿಷಿಗನ್‌ಗೆ ಈ ರೆಕ್ಕೆ ಬಂದದ್ದು 1938ರಲ್ಲಿ, ಪ್ರಿನ್ಸ್‌ಟನ್‌ನಿಂದ ಬಂದ ಕೋಚ್ ಫ್ರಿಟ್ಜ್ ಕ್ರೈಸ್ಲರ್ ಜೊತೆ. ಆಗಿನದು ಚರ್ಮದ ಹೆಲ್ಮೆಟ್. ರೆಕ್ಕೆಯಾಕಾರದ ಹೊಲಿಗೆ ಅದರಲ್ಲಿ ಮೊದಲೇ ಇತ್ತು, ಕ್ರೈಸ್ಲರ್ ಅದಕ್ಕೆ ಬಣ್ಣ ಕೊಡಿಸಿದರು. ದೂರ ಓಡುತ್ತಿರುವ ತಮ್ಮವರನ್ನು ಚೆಂಡು ಎಸೆಯುವವನು ಥಟ್ಟನೆ ಗುರುತಿಸಲಿ ಅನ್ನೋದು ಲೆಕ್ಕ. ಆಮೇಲೆ ಪ್ಲಾಸ್ಟಿಕ್ ಬಂತು, ಹೊಲಿಗೆ ಹೋಯಿತು, ರೆಕ್ಕೆ ಉಳಿಯಿತು.

ನಾನು ಬಿಡಿಸುವುದು ಹೀಗೆ. ಹಳೆಯ ಇಯರ್‌ಬುಕ್, ಪಂದ್ಯದ ದಿನ ಮಾರುತ್ತಿದ್ದ ಪುಸ್ತಿಕೆಗಳಲ್ಲಿ ಫೋಟೋ ಹುಡುಕುತ್ತೇನೆ. ಒಂದೇ ಫೋಟೋ ನಂಬಬಾರದು. ಹೆಲ್ಮೆಟ್ ಗುಂಡಗಿರುವುದರಿಂದ ಲೋಗೋದ ಅಂಚು ಎಳೆದಂತೆ ಕಾಣುತ್ತದೆ. ಒಂದೇ ಕಾಲದ ಎರಡು ಮೂರು ಫೋಟೋ ಪಕ್ಕಪಕ್ಕ ಇಟ್ಟು ಪೆನ್ಸಿಲ್‌ನಲ್ಲಿ ಬಿಡಿಸಿಕೊಳ್ಳುತ್ತೇನೆ. ಆಮೇಲೆ ಕಂಪ್ಯೂಟರ್‌ನಲ್ಲಿ ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್. ರಂಗೋಲಿಯ ಹಾಗೆ ಅಲ್ಲೂ ಚುಕ್ಕಿ ಇಟ್ಟೇ ಗೆರೆ ಎಳೆಯಬೇಕು, ಆದರೆ ಚುಕ್ಕಿ ಕಡಿಮೆಯಾದಷ್ಟೂ ಗೆರೆ ನಯ. ಕೊನೆಗೆ ಕಪ್ಪು-ಬಿಳುಪಿನಲ್ಲಿ ಹೆಬ್ಬೆರಳ ಉಗುರಿನಷ್ಟು ಚಿಕ್ಕದಾಗಿ ಪ್ರಿಂಟ್ ತೆಗೆದು, ಗೋಡೆಗೆ ಅಂಟಿಸಿ, ಕೋಣೆಯ ಆ ತುದಿಯಿಂದ ನೋಡುತ್ತೇನೆ. ಅಷ್ಟು ದೂರದಿಂದ ಯಾವ ತಂಡ ಅಂತ ಗೊತ್ತಾಗಬೇಕು.

ಈ ಪರೀಕ್ಷೆಯಲ್ಲಿ ಕ್ಲೆಮ್ಸನ್ ವಿಶ್ವವಿದ್ಯಾಲಯ ತಂಡದ ಹುಲಿ ಪಂಜವನ್ನು ಮೀರಿಸಿದ್ದು ನಾನು ಕಂಡಿಲ್ಲ. ಆಬರ್ನ್, ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ), ಮಿಸೌರಿ, ಈ ತಂಡಗಳೆಲ್ಲದರದ್ದೂ ಹುಲಿಯೇ. ಇನ್ನೊಂದು ಹುಲಿಮುಖ ಬಿಡಿಸಿ ಏನು ಪ್ರಯೋಜನ, ಅಲ್ವಾ? 1970ರಲ್ಲಿ ಗ್ರೀನ್‌ವಿಲ್‌ನ ಹೆಂಡರ್ಸನ್ ಜಾಹೀರಾತು ಸಂಸ್ಥೆಯವರು ಹುಲಿಯನ್ನು ಬಿಟ್ಟು ಅದರ ಹೆಜ್ಜೆಯನ್ನು ಹಿಡಿದರು. ಷಿಕಾಗೋದ ಫೀಲ್ಡ್ ಮ್ಯೂಸಿಯಂನಿಂದ ಬಂಗಾಳ ಹುಲಿಯ ಪಂಜದ ಪ್ಲಾಸ್ಟರ್ ಅಚ್ಚು ತರಿಸಿಕೊಂಡು ಅದರಿಂದ ಗುರುತು ಮಾಡಿದರು. ಪಂಜ ನೆಟ್ಟಗಿಲ್ಲ, ಗಡಿಯಾರದ ಒಂದು ಗಂಟೆಯ ಕಡೆಗೆ ವಾಲಿದೆ. ಸುಮ್ನೆ ನೆಟ್ಟಗೆ ತಿರುಗಿಸಿ ನೋಡಿ, ಜೀವವೇ ಹೋಗುತ್ತದೆ. ನಾಲ್ಕು ಬೆರಳು, ಒಂದು ಅಂಗಾಲು, ಒಂದೇ ಬಣ್ಣ. ನೆರಳು, ಹೊಳಪು, ಮೂರು ಸುತ್ತಿನ ಅಂಚು ಹಾಕಿದ ಲೋಗೋಗಳು ನನಗೆ ಹಿಡಿಸದಿರುವುದು ಇದಕ್ಕೇ.

ಜಾರ್ಜಿಯಾದ ‘ಜಿ’ ಅಕ್ಷರ ಬಿಡಿಸುವುದು ಸುಲಭ. 1964ರಲ್ಲಿ ಕೋಚ್ ವಿನ್ಸ್ ಡೂಲಿ ತಂದದ್ದು. ವೃತ್ತಿಪರ ತಂಡವಾದ ಗ್ರೀನ್ ಬೇ ಪ್ಯಾಕರ್ಸ್‌ನ ‘ಜಿ’ಗೆ ಹತ್ತಿರವಿತ್ತು, ಹಾಗಾಗಿ ಅವರನ್ನು ಕೇಳಿಯೇ ಬಳಸಿದರು.

ನನ್ನ ಮನಸ್ಸಿಗೆ ಹತ್ತಿರವಾದದ್ದು ಅಯೋವಾ ವಿಶ್ವವಿದ್ಯಾಲಯದ ತಂಡ. ಅಲ್ಲಿ 1948ರಲ್ಲಿ ಬಂದ ಹರ್ಕಿ ಎಂಬ ಕಾರ್ಟೂನ್ ಗಿಡುಗವಿತ್ತು. 1979ರಲ್ಲಿ ಹೇಡನ್ ಫ್ರೈ ಕೋಚ್ ಆಗಿ ಬಂದಾಗ ತಂಡ ಗೆಲುವಿನ ಸೀಸನ್ ಕಂಡು 17 ವರ್ಷ ದಾಟಿತ್ತು. ಸೋಲಿನ ನೆನಪೇ ಬೇಡ ಎಂದು ಪಿಟ್ಸ್‌ಬರ್ಗ್ ಸ್ಟೀಲರ್ಸ್ ಎಂಬ ವೃತ್ತಿಪರ ತಂಡದವರನ್ನು ಕೇಳಿಕೊಂಡು ಅವರಂಥದ್ದೇ ಕಪ್ಪು-ಚಿನ್ನದ ಉಡುಪು ತಂದರು. ಬಿಲ್ ಕೋಲ್ಬರ್ಟ್ ಬರೆದ ಗಿಡುಗದ ತಲೆ ಹೆಲ್ಮೆಟ್ ಏರಿತು. 1981ರ ಸೀಸನ್‌ನಲ್ಲಿ ಅದೇ ಹೆಲ್ಮೆಟ್ ರೋಸ್ ಬೌಲ್ ಎಂಬ ದೊಡ್ಡ ಪಂದ್ಯಕ್ಕೆ ಹೋಯಿತು.

1985ರಲ್ಲಿ ಸಾಲದ ಹೊರೆಗೆ ಅಯೋವಾ ರಾಜ್ಯದ ರೈತರು ಜಮೀನು ಕಳೆದುಕೊಳ್ಳುತ್ತಿದ್ದರು. ಫ್ರೈ ಹೆಲ್ಮೆಟ್‌ಗೆ ಇನ್ನೊಂದು ಸ್ಟಿಕ್ಕರ್ ಅಂಟಿಸಿದರು. ದುಂಡಗಿನ ಸ್ಟಿಕ್ಕರ್, ಅದರಲ್ಲಿ ಮೂರೇ ಅಕ್ಷರ: ಎ ಎನ್ ಎಫ್. ಅಮೆರಿಕ ನೀಡ್ಸ್ ಫಾರ್ಮರ್ಸ್, ಅಂದರೆ ಅಮೆರಿಕಕ್ಕೆ ರೈತರು ಬೇಕು ಎಂದು ಅರ್ಥ. ಆ ವರ್ಷ ಅಯೋವಾ ದೇಶದಲ್ಲೇ ಮೊದಲ ಸ್ಥಾನಕ್ಕೇರಿತ್ತು, ಆಟ ನೋಡಿದವರಿಗೆಲ್ಲ ಆ ಅಕ್ಷರ ಕಂಡಿತು. ಮಂಡ್ಯದ ಕಬ್ಬಿನ ಗದ್ದೆಯ ಮನೆಯಿಂದ ಬಂದ ನನಗೆ ಅದನ್ನು ಬಿಡಿಸುವಾಗ ಗಂಟಲು ಕಟ್ಟಿತು. ಗಿಡುಗದ ಜೊತೆಗೆ ಅದನ್ನೂ ಪ್ರಿಂಟ್ ತೆಗೆದು ಅಪ್ಪನಿಗೆ ಕಳಿಸಿದ್ದೇನೆ.