ದೇವಿಮನೆ ಘಾಟಿಯಲ್ಲಿ ತಪ್ಪುತ್ತಿದ್ದ ಲೆಕ್ಕ

ಮಳೆಗಾಲದಲ್ಲಿ ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ, ಒದ್ದೆ ಎಲೆ ಅಂಟಿದ ಟಾರನ್ನು ಟೈರು ಎಷ್ಟು ಹಿಡಿಯುತ್ತದೆ ಅಂತ ಅಳೆಯಬೇಕಿತ್ತು. ಬ್ರೇಕ್ ಹಾಕಿದಾಗ ಚಕ್ರದ ವೇಗ ಪ್ರತಿ ಸೆಕೆಂಡೂ 3 ಮೀ/ಸೆ.ನಷ್ಟು ಇಳಿಯುತ್ತಿತ್ತು. ಕಾರಿನ ನೆಲಕ್ಕೆ ಬಿಗಿದ ಆಕ್ಸೆಲೆರೊಮೀಟರ್ (ಟೈರು ಕಾರನ್ನು ತಡೆಯುವ ಬಲವನ್ನು ಗ್ರಹಿಸುವ ಸೆನ್ಸರ್) ಮಾತ್ರ ಅದೇ ಮಾನದಲ್ಲಿ 3.85 ತೋರಿಸಿತು. ಎರಡು ದಿನ ಸುಮ್ನೆ ಸೆನ್ಸರನ್ನೇ ಅನುಮಾನಿಸಿದೆ.

ವ್ಯತ್ಯಾಸ ಇಳಿಜಾರಿನದು. 5 ಡಿಗ್ರಿ ಇಳಿಜಾರಿನಲ್ಲಿ ಗುರುತ್ವ ಕಾರನ್ನು 0.85ರಷ್ಟು ಮುಂದಕ್ಕೆ ಎಳೆಯುತ್ತದೆ. ಟೈರು ಅದನ್ನೂ ತಡೆಯಬೇಕು, ಅಲ್ವಾ? ಚಕ್ರದ ಲೆಕ್ಕಕ್ಕೆ ಅದನ್ನು ಕೂಡಿಸಿದೆ, ಎರಡೂ ಹೊಂದಿದವು. ಆ 3.85ನ್ನು ಗುರುತ್ವದ 9.8ರಿಂದ ಭಾಗಿಸಿದರೆ ಹಿಡಿತ ಸುಮಾರು 0.39.

ಆದರೆ ಇದು ಟೈರು ಬಳಸಿಕೊಂಡ ಹಿಡಿತ ಅಷ್ಟೇ, ರಸ್ತೆಯ ಮಿತಿ ಅಲ್ಲ. ಮಿತಿ ಗೊತ್ತಾಗಬೇಕಾದರೆ ಚಕ್ರ ಜಾರುವ ಹಂತದ ಹತ್ತಿರ ಹೋಗಬೇಕು. ಆ ಪರೀಕ್ಷೆ ಘಾಟಿಯಲ್ಲಿ ಬೇಡವೇ ಬೇಡ. ಕೆಳಗೆ ಬಂದು, ಓಡಾಟವಿಲ್ಲದ ಟಾರು ಜಾಗದಲ್ಲಿ ನೀರು ಸುರಿದು ಮಾಡಿದೆ.