ಬೆಟ್ಟದಿಂದ ಯುಪಟೋರಿಯಂ, ಲಾಂಟಾನಾ ತೆಗೆಯುವುದು ಹೇಗೆ?

ಸಾಗರ, ಹೊಸನಗರ, ಸೊರಬದ ಕಡೆ ಎಷ್ಟೋ ಸೊಪ್ಪಿನಬೆಟ್ಟಗಳಲ್ಲಿ, ಅಂದರೆ ಅಡಿಕೆ ತೋಟದವರಿಗೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡಿನಲ್ಲಿ, ಈಗ ಕಾಲಿಡಲು ಜಾಗ ಇಲ್ಲ. ಎದೆಮಟ್ಟ ಯುಪಟೋರಿಯಂ ಕಳೆ, ಪಕ್ಕದಲ್ಲೇ ಮುಳ್ಳಿನ ಲಾಂಟಾನಾ ಮೆಳೆ. ಕರಡದ ಹುಲ್ಲಿದ್ದ ಬ್ಯಾಣದಲ್ಲಿ (ಹುಲ್ಲುಗಾವಲಿನಲ್ಲಿ) ದನಕ್ಕೆ ಮೇವಿಲ್ಲ. ನೇರಳೆ, ಮತ್ತಿ, ಹೊನ್ನೆ ಸಸಿಗಳು ಪೊದೆಯಡಿ ಬೆಳಕಿಲ್ಲದೆ ಸಾಯುತ್ತಿವೆ. ನೋಡಿದರೆ ಸಂಕಟವಾಗುತ್ತದೆ.

ಪ್ರತಿ ವರ್ಷ ಆಳು ಹಿಡಿದು ಸವರಿಸುವವರು ಬಹಳ ಮಂದಿ ಇದ್ದಾರೆ. ಮುಂದಿನ ಮಳೆಗಾಲಕ್ಕೆ ಅದು ಮತ್ತೆ ಅಷ್ಟೇ ದಟ್ಟವಾಗಿ ಎದ್ದಿರುತ್ತದೆ. ಕತ್ತಿಯಲ್ಲಿ ಸವರಿದರೆ ಬುಡ ಹಾಗೇ ಉಳಿಯುತ್ತದೆ, ನೆಲಕ್ಕೆ ಒಳ್ಳೇ ಬಿಸಿಲೂ ಬೀಳುತ್ತದೆ. ಇವಕ್ಕೆ ಬೇಕಾದ್ದೇ ಆ ಬಿಸಿಲು. ಹಾಗಾಗಿ ಬುಡ ಸಮೇತ ತೆಗೆಯಬೇಕು, ತೆಗೆದ ಜಾಗಕ್ಕೆ ನೆರಳು ತರಬೇಕು. ಎರಡನೆಯದನ್ನು ಮಾಡುವ ಮನಸ್ಸಿಲ್ಲದಿದ್ದರೆ ಮೊದಲನೆಯದಕ್ಕೆ ದುಡ್ಡು ಹಾಕಬೇಡಿ.

ಗುರುತು

ಯುಪಟೋರಿಯಂ ಎಲೆಯಲ್ಲಿ ಬುಡದ ಹತ್ತಿರದಿಂದಲೇ ಮೂರು ನರ ಕವಲೊಡೆದು ತ್ರಿಶೂಲದಂತೆ ಕಾಣುತ್ತವೆ. ಉಜ್ಜಿದರೆ ಘಾಟು ವಾಸನೆ. ಗಾಯಕ್ಕೆ ರಸ ಹಿಂಡುತ್ತೇವಲ್ವಾ, ಅದೇ ಗಿಡ. ಕೆಲವರು ಕಮ್ಯುನಿಸ್ಟ್ ಗಿಡ ಎನ್ನುತ್ತಾರೆ. ಲಾಂಟಾನಾ ಕಾಂಡ ಚೌಕ, ಎಲೆ ಒರಟು, ಒಂದೇ ಗೊಂಚಲಲ್ಲಿ ಎರಡು ಮೂರು ಬಣ್ಣದ ಹೂ. 1800ರ ದಶಕದ ಆರಂಭದಲ್ಲಿ ಕಲ್ಕತ್ತಾಕ್ಕೆ ಅಲಂಕಾರದ ಗಿಡವಾಗಿ ಬಂದಿದ್ದು ಇದು. ಎರಡರ ಮೂಲವೂ ಅಮೆರಿಕ ಖಂಡ.

ಯಾವಾಗ?

ಹುಬ್ಬೆ ಮಳೆಯಿಂದ ಚಿತ್ತೆ ಮಳೆಯವರೆಗೆ, ಅಂದರೆ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರದೊಳಗೆ. ನೆಲ ಮೆತ್ತಗಿರುತ್ತದೆ, ಬೇರು ಸಲೀಸಾಗಿ ಬರುತ್ತದೆ. ಯುಪಟೋರಿಯಂ ಇನ್ನೂ ಹೂ ಬಿಟ್ಟಿರುವುದಿಲ್ಲ. ನವೆಂಬರ್ ದಾಟಿದರೆ ಹೂವಾಗುತ್ತದೆ, ಆಮೇಲೆ ಹಗುರವಾದ ಬೀಜ ಗಾಳಿಗೆ ಹಾರಿ ಊರೆಲ್ಲ ಹರಡುತ್ತದೆ. ಅಡಿಕೆಯ ಕೊನೆಕೊಯ್ಲು ಶುರುವಾದ ಮೇಲೆ ಆಳು ಸಿಗುವುದೂ ಕಷ್ಟ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ. ಅದನ್ನು ಹರಡುವ ಉಣುಗಿನ ಮರಿಗಳು ಮಳೆಗಾಲ ಕಳೆದ ಮೇಲೆ, ಬೇಸಿಗೆ ಮುಗಿಯುವವರೆಗೆ ಜಾಸ್ತಿ. ಆ ತಿಂಗಳುಗಳಲ್ಲಿ ಮೆಳೆಗೆ ನುಗ್ಗಿ ಕೆಲಸ ಮಾಡಿಸುವುದು ಬೇಡ. ಹೋಗಲೇಬೇಕಾದರೆ ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿ, ಮೈತುಂಬ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಮಳೆಗಾಲದಲ್ಲಿ ಇಂಬಳದ ಕಾಟ ಇದ್ದೇ ಇದೆ, ಅದಕ್ಕೆ ಸುಣ್ಣ ಹೊಗೆಸೊಪ್ಪು ಸಾಕು.

ಸೊಪ್ಪಿನಬೆಟ್ಟದ ಸೌಲಭ್ಯ ನಿಮ್ಮದಿರಬಹುದು, ಆದರೂ ಕೆಲಸಕ್ಕೆ ಮೊದಲು ವಲಯ ಅರಣ್ಯಾಧಿಕಾರಿ ಕಚೇರಿಗೆ ತಿಳಿಸಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ, ಗ್ರಾಮ ಅರಣ್ಯ ಸಮಿತಿಯವರು ಜೊತೆಗಿದ್ದರೆ ಒಳ್ಳೆಯದು.

ಎಲ್ಲಿಂದ ಶುರು?

ಮೆಳೆ ದಟ್ಟವಾಗಿರುವ ಕಡೆಯಿಂದ ಅಲ್ಲ. ಮರ ಚೆನ್ನಾಗಿ ಉಳಿದು, ಅಲ್ಲೊಂದು ಇಲ್ಲೊಂದು ಗಿಡ ನುಸುಳಿರುವ ಕಡೆಯಿಂದ ಶುರು ಮಾಡಿ, ದಟ್ಟ ಜಾಗದ ಕಡೆ ಸರಿಯುತ್ತಾ ಬನ್ನಿ. ಒಳ್ಳೆ ಕಾಡು ಮೊದಲು ಉಳಿಯಬೇಕು. ಅದರ ಬೀಜ, ನೆರಳು ಎರಡೂ ನಿಮಗೆ ಸಹಾಯಕ್ಕೆ ಬರುತ್ತವೆ. ಇಳಿಜಾರಿನಲ್ಲಿ ಅಡ್ಡಲಾಗಿ ಪಟ್ಟಿ ಪಟ್ಟಿಯಾಗಿ ತೆಗೆಯಿರಿ, ನಡುವೆ ಒಂದೊಂದು ಪಟ್ಟಿ ಮುಂದಿನ ವರ್ಷಕ್ಕೆ ಬಿಡಿ. ಒಂದೇ ಸಲಕ್ಕೆ ಬೋಳು ಮಾಡಿದರೆ ನಮ್ಮ ಮಳೆಗೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಎರಡು ಮೂರು ವರ್ಷ ತಿರುಗಿ ನೋಡಲು ಆಗುವಷ್ಟು ಜಾಗ ಮಾತ್ರ ಹಿಡಿಯಿರಿ. ಅರ್ಧ ಎಕರೆಯೂ ಸಾಕು.

ಕೀಳುವ ಬಗೆ

ಯುಪಟೋರಿಯಂನ ಚಿಕ್ಕ ಗಿಡ ಕೈಗೆ ಬರುತ್ತದೆ. ದೊಡ್ಡದಾದರೆ ಬುಡದಲ್ಲಿ ಮುಷ್ಟಿಯಷ್ಟು ಗಂಟು ಇರುತ್ತದೆ, ನೆಲಕ್ಕೆ ಅಂಟಿಕೊಂಡಂತೆ. ಮಣ್ಣು ಒರೆಸಿ ನೋಡಿ, ಅದರ ಮೈತುಂಬ ಕೆಂಪು ಮೊಗ್ಗಿನ ಚುಕ್ಕಿಗಳು ಕಾಣುತ್ತವೆ. ಚಿಗುರುವುದು ಅಲ್ಲಿಂದ. ಪಿಕಾಸಿ ಹಾಕಿ ಗಂಟು ಪೂರ್ತಿ ಎಬ್ಬಿಸಿ. ಬೇರು ಆಳಕ್ಕೆ ಹೋಗಿರುವುದಿಲ್ಲ.

ಲಾಂಟಾನಾಕ್ಕೆ ಬೇರೆ ಉಪಾಯ. ಇಡೀ ಬೇರು ಅಗೆಯುವುದು ಬೇಡ. ಕಾಂಡ ಮತ್ತು ಬೇರು ಸೇರುವ ಜಾಗ ನೆಲದಿಂದ ಸ್ವಲ್ಪ ಕೆಳಗಿರುತ್ತದೆ. ಸುತ್ತಲ ಮಣ್ಣು ಸರಿಸಿ, ಎರಡು ಇಂಚು ಕೆಳಗೆ ಪಿಕಾಸಿಯ ಅಗಲದ ಬಾಯಿಂದ ಅಡ್ಡ ಏಟು ಹಾಕಿ ಕಡಿಯಿರಿ. ಆಮೇಲೆ ಇಡೀ ಪೊದೆಯನ್ನು ಎತ್ತಿ ತಲೆಕೆಳಗೆ ಮಾಡಿ ಇಡಿ, ಕಡಿದ ಬುಡ ಆಕಾಶ ನೋಡಬೇಕು. ನೆಲ ತಾಗಿದರೆ ಮತ್ತೆ ಬೇರು ಬಿಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪರಿಸರ ವಿಜ್ಞಾನಿ ಪ್ರೊ. ಸಿ.ಆರ್. ಬಾಬು ರೂಢಿಗೆ ತಂದ ಕ್ರಮ ಇದು. ಕೈಗೆ ದಪ್ಪ ಗವಸು ಇರಲಿ.

ಕೀಳುವಾಗ ಅವಸರ ಬೇಡ. ಪೊದೆಯಡಿ ಕುಂಟುನೇರಳೆ, ಕೇಪಳ, ಮುರುಗಲಿನ ಪುಟ್ಟ ಸಸಿ ಇರುತ್ತವೆ. ಕಂಡ ಕೂಡಲೇ ಪಕ್ಕದಲ್ಲಿ ಗೂಟ ನೆಡಿ. ಹೀಗೆ ಉಳಿದ ಒಂದು ಸಸಿ, ನರ್ಸರಿಯಿಂದ ತಂದು ನೆಟ್ಟ ಹತ್ತಕ್ಕಿಂತ ಗಟ್ಟಿ.

ಬೆಂಕಿ ಬೇಡವೇ ಬೇಡ. ಸುಟ್ಟರೆ ನಮ್ಮ ಸಸಿಗಳು ಸಾಯುತ್ತವೆ, ಈ ಕಳೆಗಳ ಬುಡ ಮಾತ್ರ ಚಿಗುರುತ್ತದೆ. ಕಳೆನಾಶಕವೂ ಬೇಡ, ಬೆಟ್ಟದ ನೀರೇ ಕೆಳಗಿನ ತೋಟಕ್ಕೂ ಬಾವಿಗೂ ಇಳಿಯುವುದು.

ಕಿತ್ತದ್ದನ್ನು ಏನು ಮಾಡುವುದು?

ಹೂವಾಗದ ಯುಪಟೋರಿಯಂ ಒಳ್ಳೆ ಗೊಬ್ಬರ. ಮಣ್ಣು ಕೊಡವಿ, ಗುಂಡಿಯಲ್ಲಿ ಸಗಣಿ ಜೊತೆ ಪದರ ಪದರವಾಗಿ ಹಾಕಿ, ಅಥವಾ ಅಡಿಕೆ ಬುಡಕ್ಕೆ ಮುಚ್ಚಿಗೆ ಮಾಡಿ. ಹೂ ಬಂದಿದ್ದರೆ ತೋಟಕ್ಕೆ ತರಬೇಡಿ. ಲಾಂಟಾನಾ ಸೊಪ್ಪನ್ನು ಕೊಟ್ಟಿಗೆಗೆ ಹಾಕಲೇಬೇಡಿ. ತಿಂದ ದನಕ್ಕೆ ಕಾಮಾಲೆ ಬರುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಕಡ್ಡಿ ಒಣಗಿದ ಮೇಲೆ ಬಚ್ಚಲ ಒಲೆಗೆ ಆಗುತ್ತದೆ. ಮಲೆಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮೇಜು ಮಾಡುತ್ತಾರೆ.

ತೋಟದಂಚಿನಲ್ಲಿ ಮೈಕೇನಿಯಾ ಎಂಬ ಇನ್ನೊಂದು ಕಳೆ ಬಳ್ಳಿ ಇದ್ದರೆ ಕೊಚ್ಚಿ ಬಿಸಾಡಬೇಡಿ, ಗೆಣ್ಣು ಗೆಣ್ಣಿಗೂ ಬೇರು ಬರುತ್ತದೆ. ಪೂರ್ತಿ ಎಳೆದು ಬಂಡೆ ಮೇಲೆ ಒಣಗಿಸಿ.

ನೆರಳು ತರುವುದು

ತೆರವಾದ ನೆಲಕ್ಕೆ ಅದೇ ದಿನ ನಾಲ್ಕು ಇಂಚು ದರಗು (ಒಣ ಎಲೆ) ಹರಡಿ. ಯುಪಟೋರಿಯಂ ಬೀಜ ಮೊಳೆಯಲು ಬೆಳಕು ಬೇಕು, ದರಗು ಅದನ್ನು ತಡೆಯುತ್ತದೆ. ಗೂಟ ನೆಟ್ಟ ಸಸಿಗಳ ನಡುವೆ ಖಾಲಿ ಇದ್ದರೆ ಮಾತ್ರ ಹೊಸದು ನೆಡಿ. ಬೇಗ ಅಗಲ ಎಲೆ ಹರಡುವ ಚಂದಕಲು, ನಂತರ ನಿಲ್ಲುವ ನೇರಳೆ, ಮತ್ತಿ, ಹಲಸು, ತೇವ ಇರುವ ಕಡೆ ಮುರುಗಲು, ಉಪ್ಪಾಗೆ. ಆರಡಿಗೊಂದು ಇರಲಿ, ಒತ್ತಾದರೆ ನೆರಳು ಬೇಗ ಕೂಡುತ್ತದೆ. ಬೇಗ ಬೆಳೆಯುತ್ತದೆ ಅಂತ ಅಕೇಶಿಯಾ ತರಬೇಡಿ, ಅದೂ ಹೊರಗಿನಿಂದ ಬಂದದ್ದೇ. ಬ್ಯಾಣದಲ್ಲಿ ಮರ ಬೇಡ. ಬೀಜ ಬಲಿತ ಕರಡವನ್ನು ಬೇರೆ ಕಡೆಯಿಂದ ಕೊಯ್ದು ತಂದು ಹಾಸಿ, ಮೊದಲ ವರ್ಷ ದನ ಬಿಡಬೇಡಿ.

ಆಮೇಲೆ ಪ್ರತಿ ವರ್ಷ ಎರಡು ಸಲ ಸುತ್ತಿ ಬನ್ನಿ. ಜೂನ್ ಕೊನೆಯಲ್ಲಿ ಮೊಳಕೆ ಕೀಳಲು, ಅಕ್ಟೋಬರ್‌ನಲ್ಲಿ ತಪ್ಪಿಸಿಕೊಂಡದ್ದನ್ನು ಹೂವಾಗುವ ಮೊದಲು ಹಿಡಿಯಲು. ಹಕ್ಕಿ ಕೂರುವ ಮರದಡಿ ಲಾಂಟಾನಾ ಸಸಿ ಜಾಸ್ತಿ, ಹಣ್ಣು ತಿಂದ ಪಿಕಳಾರ ಬೀಜ ಹಾಕುವುದು ಅಲ್ಲೇ. ಆ ಬುಡಗಳನ್ನು ಮೊದಲು ನೋಡಿ.