ಅಮೆರಿಕದ ಮನೆ ಬಾಡಿಗೆಗೆ ಬಿಡುವಾಗ ಎಷ್ಟು ಕೇಳಬೇಕು?

ತುಮಕೂರಿನ ಎಸ್‌.ಎಸ್‌. ಪುರಂನಲ್ಲಿ ನಮ್ಮಪ್ಪ ಬಾಡಿಗೆ ಗೊತ್ತು ಮಾಡಲು ಒಂದು ಸಂಜೆ ಸಾಕಿತ್ತು. ಮೂಲೆ ಅಂಗಡಿಯಲ್ಲಿ ವಿಚಾರಿಸೋದು, ಗೇಟಿಗೆ ಟು-ಲೆಟ್ ಬೋರ್ಡ್ ಕಟ್ಟೋದು, ಬಂದವರಿಗೆ ಹತ್ತು ತಿಂಗಳ ಅಡ್ವಾನ್ಸ್ ಹೇಳೋದು. ಎರಡು ವರ್ಷ ಅಪ್ಪ ಅಮ್ಮನ ಜೊತೆ ಇರೋಣ ಅಂತ ಅಮೆರಿಕದ ಮನೆ ಬಾಡಿಗೆಗೆ ಬಿಟ್ಟು ಬರುವಾಗ ನಾನು ಅಷ್ಟೂ ಮಾಡಲಿಲ್ಲ. ಸಾಲದ ಕಂತು, ಪ್ರಾಪರ್ಟಿ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಕೂಡಿದೆ. 2,800 ಡಾಲರ್ ಬಂತು. ಅದೇ ಬಾಡಿಗೆ ಅಂದೆ. ಒಂದು ತಿಂಗಳು ಯಾರೂ ಬರಲಿಲ್ಲ.

ನಮ್ಮ ಕಂತು ಎಷ್ಟು ಅನ್ನೋದು ಬಾಡಿಗೆಯವರಿಗೆ ಯಾಕೆ ಬೇಕು? ಪಕ್ಕದ ಬೀದಿಯಲ್ಲಿ ಅಂಥದ್ದೇ ಮನೆ ಎಷ್ಟಕ್ಕೆ ಸಿಗುತ್ತೆ ಅಂತ ಅವರು ನೋಡ್ತಾರೆ. ನಾವೂ ಅದನ್ನೇ ನೋಡಬೇಕು. ಅದೇ ಶಾಲೆಯ ವ್ಯಾಪ್ತಿ, ಅಷ್ಟೇ ಬೆಡ್‌ರೂಮ್, ಹೆಚ್ಚುಕಮ್ಮಿ ಅಷ್ಟೇ ಚದರಡಿ ಇರುವ ಐದಾರು ಮನೆ ಹುಡುಕಿ. ಮನೆ ಹುಡುಕುವ ವೆಬ್‌ಸೈಟ್ ಜಿಲ್ಲೋ ತೋರಿಸುವ ಅಂದಾಜು ಶುರು ಮಾಡೋಕೆ ಸರಿ, ಆದರೆ ನಿಮ್ಮ ಅಡುಗೆಮನೆ ಈಗ ಹೇಗಿದೆ ಅಂತ ಅದು ಬಂದು ನೋಡಿರುವುದಿಲ್ಲ. ಎರಡು ತಿಂಗಳಿಂದ ಜಾಹೀರಾತಿನಲ್ಲೇ ಕೂತಿರುವ ಮನೆಯ ಬೆಲೆಯನ್ನು ನಂಬಬೇಡಿ. ಅದು ಯಾರೂ ಕೊಡದ ಬೆಲೆ. ಪರಿಚಯದ ರಿಯಲ್ಟರ್, ಅಂದರೆ ಮನೆ ದಲ್ಲಾಳಿ, ಇದ್ದರೆ ಮನೆಗಳು ನಿಜವಾಗಿ ಎಷ್ಟಕ್ಕೆ ಹೋದವು ಅಂತ ಕೇಳಿ. ವಾಷರ್-ಡ್ರೈಯರ್, ಗ್ಯಾರೇಜ್, ಬೇಲಿ ಹಾಕಿದ ಹಿತ್ತಲು ಇದ್ದರೆ ಸ್ವಲ್ಪ ಏರಿಸಬಹುದು.

ಅಮೆರಿಕ ಸರ್ಕಾರದ ವಸತಿ ಇಲಾಖೆ ಹಡ್ ಪ್ರತಿ ವರ್ಷ ಪ್ರಕಟಿಸುವ 'ಫೇರ್ ಮಾರ್ಕೆಟ್ ರೆಂಟ್' ಕಂಡು ಮೋಸ ಹೋಗಬೇಡಿ. ಹೆಸರು ಹಾಗಿದ್ದರೂ ಅದು ಸರ್ಕಾರದ ಬಾಡಿಗೆ ಸಹಾಯಕ್ಕೆ ಬಳಸುವ ಲೆಕ್ಕ. ಕರೆಂಟು, ನೀರಿನ ಖರ್ಚೂ ಅದರಲ್ಲೇ ಸೇರಿರುತ್ತೆ.

ನನ್ನ ಹುಡುಕಾಟದಲ್ಲಿ ಸಿಕ್ಕಿದ್ದು 2,600. ಮನಸ್ಸಿಗೆ ಕಷ್ಟವಾಯಿತು. ಆದರೆ ಲೆಕ್ಕ ನೋಡಿ: ತಿಂಗಳಿಗೆ 2,800ರಂತೆ ಹನ್ನೊಂದು ತಿಂಗಳಿಗೆ 30,800. 2,600ರಂತೆ ಹನ್ನೆರಡು ತಿಂಗಳಿಗೆ 31,200. ಹಟ ಹಿಡಿದು ಒಂದೇ ತಿಂಗಳು ಖಾಲಿ ಇಟ್ಟರೂ ನಷ್ಟ ನಮ್ಮದೇ.

ಡಿಪಾಸಿಟ್ ನಿಯಮ ರಾಜ್ಯಕ್ಕೊಂದು ಥರ. ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈನಿಂದ ಬಹುತೇಕ ಮಾಲೀಕರು ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಹತ್ತು ತಿಂಗಳು ಅಂದರೆ ನಕ್ಕುಬಿಡ್ತಾರೆ. ಮಕ್ಕಳಿದ್ದಾರೆ ಅಂತಲೋ ಬೇರೆ ಧರ್ಮದವರು ಅಂತಲೋ ಮನೆ ಕೊಡದಿರುವುದೂ ಕಾನೂನಿಗೆ ವಿರುದ್ಧ. ಮನೆಯ ಇನ್ಶೂರೆನ್ಸನ್ನು ಬಾಡಿಗೆ ಮನೆಯ ಪಾಲಿಸಿಗೆ ಬದಲಾಯಿಸಿ. ಸ್ವಂತ ವಾಸದ ಮನೆಗೆ ಸಿಗುವ ಹೋಮ್‌ಸ್ಟೆಡ್ ತೆರಿಗೆ ರಿಯಾಯಿತಿ ಇದ್ದರೆ ಅದು ಹೋಗಬಹುದು, ಆಗ ಪ್ರಾಪರ್ಟಿ ಟ್ಯಾಕ್ಸ್ ಏರುತ್ತೆ.

ಇನ್ನು ನೆಂಟರ ವಿಷಯ. "ಸೋದರತ್ತೆ ಮಗ ಅಲ್ಲೇ ಇದ್ದಾನಲ್ಲೋ, ಅವನಿಗೆ ಅರ್ಧಕ್ಕೆ ಕೊಡೋ" ಅಂದರು ಅಮ್ಮ. ಮಾರುಕಟ್ಟೆ ಬಾಡಿಗೆಗಿಂತ ಕಡಿಮೆಗೆ ಕೊಟ್ಟರೆ, ಆ ದಿನಗಳಲ್ಲಿ ಮನೆಯನ್ನು ನೀವೇ ಬಳಸಿದಿರಿ ಅಂತ ಅಲ್ಲಿನ ತೆರಿಗೆ ಇಲಾಖೆ ಲೆಕ್ಕ ಹಾಕುತ್ತೆ. ಬಂದ ಬಾಡಿಗೆ ಆದಾಯವೇ, ಆದರೆ ರಿಪೇರಿ, ಸವಕಳಿ ತೋರಿಸಿ ನಷ್ಟವನ್ನು ಆದಾಯದಿಂದ ಕಳೆಯೋಕೆ ಬಿಡಲ್ಲ. ಅದಕ್ಕೇ, ನಿಮ್ಮದು ಮಾರುಕಟ್ಟೆ ಬಾಡಿಗೆಯೇ ಅಂತ ತೋರಿಸೋಕೆ, ಹೋಲಿಕೆಗೆ ಇಟ್ಟುಕೊಂಡ ಐದಾರು ಜಾಹೀರಾತಿನ ಸ್ಕ್ರೀನ್‌ಶಾಟ್ ತಾರೀಕು ಸಮೇತ ತೆಗೆದಿಡಿ.

ಅತ್ತೆ ಮಗ ಈಗ ಅಲ್ಲೇ ಇದ್ದಾನೆ, ಪೂರ್ತಿ 2,600 ಕೊಟ್ಟು. ಅಮ್ಮನ ಮುನಿಸು ಮಾತ್ರ ಇನ್ನೂ ಇಳಿದಿಲ್ಲ.